ಸೂರಪ್ಪ ನಾಯಕನ ಹೇಸರಗತ್ತೆ

ಕಾಲು ಮಡಚಿಕೊಂಡು ಸರಿಯಾಗಿ ಕೂತುಕೊಳ್ಳಿ ಮಕ್ಕಳೇ, ಹಿಂದೆ ಕೂತವರಿಗೂ ಕೇಳಬೇಕು. ಮುಳ್ಳುಗಲ್ಲು ಅಂತ ಒಂದು ರಾಜ್ಯ ಇತ್ತು. ರಾಜ್ಯ ಅಂದರೆ ತೀರಾ ದೊಡ್ಡದೇನಲ್ಲ. ಬೆಳಿಗ್ಗೆ ರೊಟ್ಟಿ ತಿಂದು ಈ ಗಡಿಯಿಂದ ಹೊರಟರೆ ಮಧ್ಯಾಹ್ನ ಮುದ್ದೆ ಉಣ್ಣುವ ಹೊತ್ತಿಗೆ ಆ ಗಡಿ ಸಿಗುತ್ತಿತ್ತು. ಅರ್ಧ ರಾಜ್ಯ ಬಯಲು, ಇನ್ನರ್ಧ ಬರೀ ಬಂಡೆಗುಡ್ಡ. ಅಲ್ಲಿಯ ದೊರೆ ಸೂರಪ್ಪ ನಾಯಕ. ಒಳ್ಳೆಯವನು, ಧೈರ್ಯವಂತ. ಆದರೆ ಯಾರಾದರೂ ಹೊಗಳಿದರೆ ಸಾಕು, ಉಬ್ಬಿಹೋಗುತ್ತಿದ್ದ. ಅವನ ರಾಣಿ ಬೋರಮ್ಮ. ಅವಳದು ಮಾತು ಕಮ್ಮಿ, ನೋಡುವುದು ಜಾಸ್ತಿ.

ನಾಯಕನ ಲಾಯದಲ್ಲಿ ಎರಡು ಪ್ರಾಣಿಗಳಿದ್ದವು. ಒಂದು ಬಿಳೀ ಕುದುರೆ, ಹೆಸರು ಪವನ. ಇನ್ನೊಂದು ಬೂದು ಬಣ್ಣದ ಹೇಸರಗತ್ತೆ, ಹೆಸರು ಬೂದಿ. ಕುದುರೆಗೆ ರೇಷ್ಮೆ ಹೊದೆಸಿದ ಜೀನು, ಬೇಯಿಸಿದ ಹುರುಳಿ. ಹೇಸರಗತ್ತೆಗೆ ಹರಕು ಗೋಣಿತಾಟು, ಕುದುರೆ ತಿಂದು ಬಿಟ್ಟ ಹುರುಳಿ. ಅಪ್ಪ ಕತ್ತೆ, ಅಮ್ಮ ಕುದುರೆ, ಇದು ಅತ್ತಲೂ ಇಲ್ಲ ಇತ್ತಲೂ ಇಲ್ಲ ಅಂತ ಜನ ನಗುತ್ತಿದ್ದರು. ಬೂದಿ ಬಾಲ ಬೀಸಿ ನೊಣ ಓಡಿಸಿಕೊಂಡು ಸುಮ್ಮನಿರುತ್ತಿತ್ತು. ಆ ಕಾಲದಲ್ಲಿ ಪ್ರಾಣಿಗಳಿಗೂ ಮಾತು ಬರುತ್ತಿತ್ತು. ಆದರೆ ಅವು ಯಾರೂ ಕೇಳದೆ ತಾವಾಗಿ ಬಾಯಿ ಬಿಡುತ್ತಿರಲಿಲ್ಲ. ಈ ಒಳ್ಳೆಯ ಅಭ್ಯಾಸ ನಮಗೆ ಯಾಕೆ ಬರಲಿಲ್ಲವೋ ಕಾಣೆ.

ಒಂದು ಸಲ ಗುಡ್ಡದಿಂದ ಒಂದು ಒಂಟಿ ಹಂದಿ ಊರ ಕಡೆ ಇಳಿಯಲು ಶುರು ಮಾಡಿತು. ಅದರ ಕೋರೆಗಳು ಕುಡುಗೋಲಿನ ಹಾಗಿದ್ದವು. ಮೊದಲು ಗೆಣಸಿನ ಹೊಲ ಅಗೆಯಿತು. ಆಮೇಲೆ ನವಣೆ ಹೊಲ ತುಳಿಯಿತು. ಆಮೇಲೆ ರಾಗಿ ಹೊಲಕ್ಕೇ ನುಗ್ಗಿತು. ಕರಿಯಜ್ಜಿ ಅನ್ನುವ ಮುದುಕಿ ಮಡಿಲಲ್ಲಿ ಅರ್ಧ ಕಚ್ಚಿದ ಗೆಣಸು ಕಟ್ಟಿಕೊಂಡು ಬಂದು ನಾಯಕನ ಮುಂದೆ ಇಟ್ಟಳು.

"ನೆಟ್ಟಿದ್ದು ನಾನು, ತಿಂದಿದ್ದು ಅದು. ಉಳಿದಿದ್ದು ಇಷ್ಟೇ ದೊರೆ. ಇದನ್ನ ನೀವೇ ತಿನ್ನಿ" ಅಂದಳು.

ನಾಯಕನ ಮುಖ ಕೆಂಪಾಯಿತು. ಯಾಕೆಂದರೆ ಮುಳ್ಳುಗಲ್ಲಿನಲ್ಲಿ ಒಂದು ಕಟ್ಟಳೆ ಇತ್ತು. ಹೊಲ ಕಾಯುವುದು ದೊರೆಯ ಮೊದಲ ಕೆಲಸ. ಬೆಳೆ ತಿನ್ನುವ ಮೃಗವನ್ನು ಬೇಟೆಯಾಡಲು ಹೋಗಿ ಅವನು ಎರಡು ಸಲ ಬರಿಗೈಯಲ್ಲಿ ಬಂದರೆ, ಮೂರನೆಯ ಸಲ ಪಟ್ಟದ ಆಸೆಯಿದ್ದ ಬಂಧುವೂ ಬೇಟೆಗೆ ಇಳಿಯಬಹುದು. ಮೃಗ ಹೊಡೆದು ತಂದವನಿಗೇ ಪಟ್ಟದ ಕತ್ತಿ. ನಾಯಕನಿಗೆ ಇನ್ನೂ ಮಕ್ಕಳಿರಲಿಲ್ಲ. ಹತ್ತಿರದ ಬಂಧು ಅಂದರೆ ಬೋರಮ್ಮನ ತಮ್ಮ ಓಬಳೇಶ ಒಬ್ಬನೇ.

"ಯಾವುದರ ಮೇಲೆ ಹೋಗಲಿ? ಕುದುರೆಯೋ, ಹೇಸರಗತ್ತೆಯೋ?" ಅಂತ ನಾಯಕ ಸಭೆಯಲ್ಲಿ ಕೇಳಿದ.

ಓಬಳೇಶ ಎಲ್ಲರಿಗಿಂತ ಮುಂಚೆ ಎದ್ದುನಿಂತ. "ಇದೂ ಒಂದು ಕೇಳೋ ಮಾತಾ ಭಾವ? ನೀವು ಹೇಸರಗತ್ತೆ ಹತ್ತಿದರೆ ಪಕ್ಕದ ಪಾಳೆಯದೋರು ಬಿದ್ದು ಬಿದ್ದು ನಗ್ತಾರೆ. ನಿಮ್ಮ ಮೀಸೆಗೆ ಒಪ್ಪೋದು ಕುದುರೆಯೇ."

ನಾಯಕ ಮೀಸೆ ಮೇಲೆ ಕೈಯಾಡಿಸಿದ. ಕುದುರೆಗೆ ಜೀನು ಬಿತ್ತು.

ಮೊದಲನೆಯ ಬೇಟೆ. ಬಯಲಿನಲ್ಲಿ ಪವನ ಓಡಿದ ಓಟಕ್ಕೆ ದಾರಿಯಲ್ಲಿದ್ದವರು ಕಣ್ಣು ಬಾಯಿ ಬಿಟ್ಟರು. ಹಂದಿ ಬಂಡೆಗುಡ್ಡ ಹತ್ತಿತು. ಬಂಡೆ ಮೇಲೆ ಪವನನ ಕಾಲು ಜಾರಿತು, ನಾಯಕ ಮುಳ್ಳುಪೊದೆಯಲ್ಲಿ ಬಿದ್ದ. ಬರಿಗೈಯಲ್ಲಿ ಬಂದ.

"ಕುದುರೆಗೆ ಹುರುಪು ಸಾಲದು ಭಾವ. ಕೊರಳಿಗೆ ಗೆಜ್ಜೆಸರ ಕಟ್ಟಿಸಿ" ಅಂದ ಓಬಳೇಶ.

ಎರಡನೆಯ ಬೇಟೆ. ಗೆಜ್ಜೆಸರ ಕಟ್ಟಿದ ಪವನ ಝಲ್ ಝಲ್ ಅಂತ ಹೊರಟಿತು. ಆ ಸದ್ದಿಗೆ ಊರಿನ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಹಂದಿಗೂ ಕೇಳಿಸಿತು. ಅದು ತಿನ್ನುತ್ತಿದ್ದ ಗೆಣಸನ್ನು ಬಾಯಲ್ಲೇ ಕಚ್ಚಿಕೊಂಡು, ಅವಸರವೂ ಇಲ್ಲದೆ ಗುಡ್ಡ ಹತ್ತಿಹೋಯಿತು. ನಾಯಕ ಮತ್ತೆ ಬರಿಗೈಯಲ್ಲಿ ಬಂದ. ಆವತ್ತು ಅವನು ಊಟ ಮಾಡಲಿಲ್ಲ. ತಟ್ಟೆಯ ಮುಂದೆ ಕೂತು, "ಹೊಲ ಕಾಯೋಕಾಗದ ನಾನು ಎಂಥಾ ದೊರೆ ಬೋರಾ?" ಅಂದ.

ಬೋರಮ್ಮ ಆ ತಟ್ಟೆ ಎತ್ತಿಟ್ಟಳು. ಇಳಿಹೊತ್ತಿನಲ್ಲಿ ಒಬ್ಬಳೇ ಲಾಯಕ್ಕೆ ಹೋದಳು. ಸೆರಗಿನಲ್ಲಿ ಎರಡು ಅಚ್ಚು ಬೆಲ್ಲ ಇತ್ತು. ಒಂದನ್ನು ಪವನನಿಗೆ ಕೊಟ್ಟು, "ಯಾಕಪ್ಪ, ಎರಡು ಸಲವೂ ಕೈಬಿಟ್ಟೆ?" ಅಂತ ಕೇಳಿದಳು.

"ನನಗೆ ಬಯಲು ಕೊಡಿ ತಾಯಿ, ಯಾರಿಗೂ ಸಿಗಲ್ಲ. ಬಂಡೆ ನೋಡಿದರೆ ಕಾಲು ನಡುಗುತ್ತೆ. ಮೊದಲೇ ಹೇಳ್ತಿದ್ದೆ, ಯಾರೂ ಕೇಳಲಿಲ್ಲ" ಅಂತು ಪವನ, ತಲೆ ತಗ್ಗಿಸಿಕೊಂಡು.

ಇನ್ನೊಂದು ಬೆಲ್ಲ ಬೂದಿಗೆ ಕೊಟ್ಟಳು. "ನಿನಗೆ ಗುಡ್ಡ ಹತ್ತೋಕೆ ಬರುತ್ತೇನವ್ವ?"

"ಬರದೆ ಏನು? ಮೊದಲನೇ ಬೇಟೆಗಿಂತ ಮುಂಚೆಯೇ ನಿಮ್ಮ ತಮ್ಮ ನನ್ನ ಮೇಲೇ ಕೂತು ಹಂದಿ ಇರೋ ಗವಿ ತನಕ ಹೋಗಿ ನೋಡಿಕೊಂಡು ಬಂದರು. ಯಾರಿಗೂ ಹೇಳಬೇಡ ಅಂತ ಹೇಳೋದು ಮರೆತರು" ಅಂತು ಬೂದಿ, ಬೆಲ್ಲ ಅಗಿಯುತ್ತಾ.

ಬೋರಮ್ಮ ಅಲ್ಲೇ ಹುಲ್ಲಿನ ಮೇಲೆ ಕೂತಳು. ತಾಯಿ ಸತ್ತ ಮೇಲೆ ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಅವನಿಗೆ ಗವಿ ಗೊತ್ತಿತ್ತು, ದಾರಿ ಗೊತ್ತಿತ್ತು, ಯಾವ ಪ್ರಾಣಿ ಹತ್ತುತ್ತೆ ಅನ್ನುವುದೂ ಗೊತ್ತಿತ್ತು. ಗೊತ್ತಿದ್ದೇ ಭಾವನನ್ನು ಕುದುರೆ ಹತ್ತಿಸಿದ್ದ. ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಗಂಡನಿಗೆ ಹೇಳಿದರೆ ನಂಬಲಿಕ್ಕಿಲ್ಲ. ಕಳ್ಳತನ ಕಳ್ಳನ ಬಾಯಿಂದಲೇ ಹೊರಗೆ ಬರಬೇಕು ಅಂದುಕೊಂಡು ಸೆರಗು ಕೊಡವಿ ಎದ್ದಳು.

ಮರುದಿನ ಸಭೆ ಸೇರಿತು. ಊರವರೆಲ್ಲ ಬಂದರು, ಕರಿಯಜ್ಜಿಯೂ ಬಂದಳು. ಪಟ್ಟದ ಕತ್ತಿಯನ್ನು ನಡುವೆ ಇಟ್ಟಿದ್ದರು. ಓಬಳೇಶ ಅದನ್ನೇ ನೋಡುತ್ತಿದ್ದ.

ಬೋರಮ್ಮ ಎದ್ದುನಿಂತು ತಮ್ಮನ ತಲೆ ಸವರಿದಳು. "ಈ ಸಲ ನನ್ನ ತಮ್ಮನೂ ಬೇಟೆಗೆ ಹೊರಟಿದಾನೆ. ಬೇಟೆಗೆ ಕುದುರೆಗಿಂತ ಮೇಲಿಲ್ಲ ಅಂತ ಇದೇ ಸಭೆಯಲ್ಲಿ ಹೇಳಿದೋನು ಇವನು. ಭಾವ ಎರಡು ಸಲ ಹತ್ತಿದ್ದಾಯ್ತು. ಈಗ ಕುದುರೆ ಇವನಿಗೇ ಇರಲಿ. ನಮ್ಮವರು ಆ ಹೇಸರಗತ್ತೆ ಮೇಲೆ ಹೇಗೋ ಸುಧಾರಿಸ್ಕೊತಾರೆ."

ಓಬಳೇಶನ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು.

"ಬೇಡ ಅಕ್ಕ. ಅದು ದೊರೆ ಹತ್ತೋ ಕುದುರೆ. ಅದರ ಮೇಲೆ ನಾನು ಕೂರಬಾರದು" ಅಂದ.

"ನಾನೇ ಕೊಡ್ತಿದೀನಿ, ಹತ್ತಪ್ಪ" ಅಂದ ನಾಯಕ. ಪಾಪ, ಅವನಿಗಿನ್ನೂ ಏನೂ ಗೊತ್ತಿಲ್ಲ.

"ನನಗೆ ಸೊಂಟ ನೋವು ಭಾವ. ಕುದುರೆ ಕುಣಿಯುತ್ತೆ, ತಡೆಯೋಕಾಗಲ್ಲ."

"ಹಾಗಾದರೆ ಮನೇಲಿರು, ನಾನೇ ಎಣ್ಣೆ ತಿಕ್ತೀನಿ" ಅಂದಳು ಬೋರಮ್ಮ.

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಓಬಳೇಶ ಕತ್ತಿಯ ಕಡೆ ನೋಡಿದ, ಬಾಗಿಲಲ್ಲಿ ನಿಂತಿದ್ದ ಕುದುರೆಯ ಕಡೆ ನೋಡಿದ. ಕೈಗೆ ಬಂದ ಪಟ್ಟ ಜಾರುತ್ತಿದೆ ಅನ್ನಿಸಿದಾಗ ತಾಳ್ಮೆ ತಪ್ಪಿತು.

"ನಿನಗೇನು ಗೊತ್ತು ಅಕ್ಕ? ಆ ಬಂಡೆಗಳ ಮೇಲೆ ಕುದುರೆ ಎಲ್ಲಾದರೂ ಹತ್ತುತ್ತಾ? ಹಂದಿ ಗವಿ ಹತ್ತಿರ ಹೋಗಬೇಕು ಅಂದರೆ ಹೇಸರಗತ್ತೆಯೇ ಆಗಬೇಕು" ಅಂದುಬಿಟ್ಟ.

ಸಭೆಯವರೆಲ್ಲ ಅವನ ಕಡೆ ತಿರುಗಿದರು. ಕರಿಯಜ್ಜಿ ಕೋಲೂರಿಕೊಂಡು ಮುಂದೆ ಬಂದಳು. "ಅಲ್ಲ ಮಗ, ಗವಿ ಇದೆ ಅಂತ ನಿನಗೆ ಯಾರು ಹೇಳಿದರು? ಕುದುರೆ ಹತ್ತಲ್ಲ ಅಂತ ಗೊತ್ತಿದ್ದೋನು ದೊರೆಗೆ ಯಾಕೆ ಹೇಳಲಿಲ್ಲ? ನೀನು ಬಾಯಿ ಮುಚ್ಕೊಂಡಿದ್ದಷ್ಟು ದಿನ ನನ್ನ ಹೊಲ ಹೋಯ್ತಲ್ಲಪ್ಪ."

ಓಬಳೇಶ ಮೆಲ್ಲಗೆ ಅಕ್ಕನ ಹಿಂದಕ್ಕೆ ಸರಿದ. ನಾಯಕ ಹೆಂಡತಿಯ ಮುಖ ನೋಡಿದ, ಭಾವಮೈದುನನ ಮುಖ ನೋಡಿದ. ಆಮೇಲೆ ತನ್ನ ಮೀಸೆಯ ನೆನಪಾಗಿ ಅವನಿಗೇ ನಾಚಿಕೆಯಾಯಿತು. ಎದ್ದುಹೋಗಿ, ಬಾಗಿಲಲ್ಲಿದ್ದ ಕುದುರೆಯಿಂದ ರೇಷ್ಮೆ ಹೊದೆಸಿದ ಜೀನನ್ನು ಬಿಚ್ಚಿ, ಲಾಯಕ್ಕೆ ಒಯ್ದು ತಾನೇ ಬೂದಿಯ ಬೆನ್ನಿಗೆ ಕಟ್ಟಿದ.

"ಅದು ನಿಂತರೆ ನೀವೂ ನಿಲ್ಲಿ. ಒದೀಬೇಡಿ" ಅಂತ ಬೋರಮ್ಮ ಹೇಳಿ ಕಳಿಸಿದಳು.

ಮೂರನೆಯ ಬೇಟೆ. ಗೆಜ್ಜೆ ಇಲ್ಲ, ಓಟ ಇಲ್ಲ. ಬೂದಿ ಒಂದೊಂದೇ ಹೆಜ್ಜೆ ಊರಿ, ಗಟ್ಟಿಯಿದೆಯಾ ಅಂತ ನೋಡಿ ಗುಡ್ಡ ಹತ್ತಿತು. ಗವಿ ಇನ್ನೇನು ಬಂತು ಅನ್ನುವಾಗ ಗಕ್ಕನೆ ನಿಂತಿತು. ನಾಯಕ ಒದೆಯಲು ಕಾಲೆತ್ತಿದವನು ಹೆಂಡತಿಯ ಮಾತು ನೆನೆದು ಕಾಲಿಳಿಸಿದ. ಅಷ್ಟರಲ್ಲಿ ಮುಂದಿನ ಪೊದೆಯಿಂದ ಹಂದಿ ಭುಸುಗುಟ್ಟುತ್ತಾ ನುಗ್ಗಿತು. ಪಕ್ಕದಲ್ಲೇ ಪ್ರಪಾತ. ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದರೆ ಹಂದಿ ಇಬ್ಬರನ್ನೂ ಅದಕ್ಕೆ ಕೆಡವುತ್ತಿತ್ತು. ಬೂದಿ ನಾಲ್ಕೂ ಕಾಲು ಊರಿ ನಿಂತಿತ್ತು. ನಾಯಕ ಈಟಿ ಎಸೆದ, ಗುರಿ ತಪ್ಪಲಿಲ್ಲ.

ಹಂದಿಯನ್ನು ಹೊತ್ತು ತಂದಾಗ ಊರು ತಮಟೆ ಬಾರಿಸಿತು. ಕರಿಯಜ್ಜಿ ತಾನೇ ಪಟ್ಟದ ಕತ್ತಿ ಎತ್ತಿ ನಾಯಕನ ಕೈಗೆ ಕೊಟ್ಟಳು. ಓಬಳೇಶನನ್ನು ಗಡೀಪಾರು ಮಾಡಿ ಅಂತ ಕೆಲವರು ಕೂಗಿದರು. ಬೋರಮ್ಮ ಬೇಡ ಅಂದಳು. ಅವನು ಅಜ್ಜಿಯ ಹೊಲವನ್ನು ಮತ್ತೆ ಉತ್ತು ಗೆಣಸು ನೆಡಬೇಕು, ಕಿತ್ತು ಮನೆಗೆ ತುಂಬುವವರೆಗೂ ಅಟ್ಟಣೆ ಮೇಲೆ ಕೂತು ಹಂದಿ ಬಾರದ ಹಾಗೆ ಕಾಯಬೇಕು ಅಂತ ತೀರ್ಪಾಯಿತು. ಅಕ್ಕ ದಿನಾ ಬುತ್ತಿ ಕಳಿಸುತ್ತಿದ್ದಳು. ಯಾವುದರ ಮೇಲೆ ಅಂತೀರಾ? ಬೂದಿಯ ಮೇಲೆಯೇ. ಓಬಳೇಶ ಬುತ್ತಿ ಇಳಿಸಿಕೊಳ್ಳುವಾಗ ಅದರ ಕಣ್ಣು ತಪ್ಪಿಸುತ್ತಿದ್ದ.

ಆವತ್ತಿನಿಂದ ಲಾಯದಲ್ಲಿ ಇಬ್ಬರಿಗೂ ಒಂದೇ ಹಂಡೆಯ ಹುರುಳಿ. ಬಯಲಿನ ಕೆಲಸಕ್ಕೆ ಪವನ, ಬಂಡೆಯ ಕೆಲಸಕ್ಕೆ ಬೂದಿ. ನಾಯಕ ಎಲ್ಲಿಗೆ ಹೊರಟರೂ ಮೊದಲು ಲಾಯಕ್ಕೆ ಬಂದು, "ಇವತ್ತಿನ ದಾರಿ ಹೀಗಿದೆ, ಯಾರು ಬರ್ತೀರಪ್ಪ?" ಅಂತ ಕೇಳುತ್ತಿದ್ದ.

ನೋಡಿದಿರಾ ಮಕ್ಕಳೇ, ಜೊತೆಗಾರನನ್ನು ಆರಿಸುವಾಗ ಕೆಲಸ ಎಂಥದ್ದು ಅಂತ ನೋಡಬೇಕು, ಅಂದ ನೋಡಬಾರದು. ಯಾರಾದರೂ ನಿಮ್ಮನ್ನು ತೀರಾ ಹೊಗಳಿ ಒಂದು ದಾರಿ ತೋರಿಸಿದರೆ, ಆ ದಾರಿಯಲ್ಲಿ ಅವರೂ ಬರುತ್ತಾರಾ ಅಂತ ಒಮ್ಮೆ ಕೇಳಿ ನೋಡಿ. ಹೇಳಿದ ನನ್ನ ಬಾಯಿ ಒಣಗಿತು, ಕೇಳಿದ ನಿಮ್ಮ ಹೊಲಕ್ಕೆ ಹಂದಿ ಬಾರದಿರಲಿ.