ಸೋಮವ್ವನೋ ಮಂಗಳಾಳೋ

ಹುಟ್ಟಿದ ವಾರದ ಹೆಸರನ್ನೇ ಕೂಸಿಗಿಡುವುದು ಆ ಮನೆಯ ಪದ್ಧತಿ. ತೊಟ್ಟಿಲಿಗೆ ಹಾಕುವ ದಿನ ಗೋಡೆ ಗಡಿಯಾರಕ್ಕೂ ಪಂಚಾಂಗಕ್ಕೂ ಜಟಾಪಟಿ ಹತ್ತಿತು.

"ಮಧ್ಯರಾತ್ರಿ ದಾಟಿದ ಮೇಲೆ ಹುಟ್ಟಿದವಳು, ಮಂಗಳಾ ಅನ್ನಿ," ಎಂದಿತು ಗಡಿಯಾರ.

"ಸೂರ್ಯ ಹುಟ್ಟದೆ ವಾರ ಬದಲಾಗುತ್ತದೆಯೇ? ಇವಳು ಸೋಮವ್ವ!" ಎಂದಿತು ಪಂಚಾಂಗ.

ಹೆರಿಗೆಯ ಗಳಿಗೆಯನ್ನು ದಾಖಲಿಸಿಕೊಂಡಿದ್ದ ಕಂಪ್ಯೂಟರನ್ನು ಎರಡೂ ಕೇಳಿದವು.

"ನನ್ನಲ್ಲಿರುವುದು ಬರೀ ಸೆಕೆಂಡುಗಳ ಲೆಕ್ಕ, ಅದಕ್ಕೆ ವಾರವಿಲ್ಲ. ನಿಮ್ಮ ದಿನ ಯಾವಾಗ ಶುರುವಾಗುತ್ತದೆ ಹೇಳಿ, ವಾರ ಹೇಳುತ್ತೇನೆ," ಎಂದಿತು ಕಂಪ್ಯೂಟರು.

ಗಡಿಯಾರ ಮಧ್ಯರಾತ್ರಿಗೆ ಎಂದಿತು, ಉತ್ತರ ಮಂಗಳವಾರ ಬಂತು. ಪಂಚಾಂಗ ಸೂರ್ಯೋದಯಕ್ಕೆ ಎಂದಿತು, ಉತ್ತರ ಸೋಮವಾರ ಬಂತು. ತಾನೇ ಗೆದ್ದೆನೆಂದು ಎರಡೂ ಬೀಗಿದವು.

ಅಜ್ಜಿ "ಸೋಮವ್ವಾ" ಎಂದು ತೊಟ್ಟಿಲು ತೂಗಿದಳು, ತಾಯಿ "ಮಂಗಳಾ" ಎಂದು ತೂಗಿದಳು. ಕೂಸು ಎರಡಕ್ಕೂ ಕಾಲು ಬಡಿಯಿತು.