ಕುಂಕುಮ ಮೆತ್ತಿದ ದಂಡಿಗೆ

ಹೊನ್ನೂರಪ್ಪ ವಸ್ತಾದರು ಕೊಡಲಿ ಕೈಗೆತ್ತಿಕೊಂಡದ್ದನ್ನು ಕಂಡು ಗವಿಸಿದ್ದ ಓಡಿ ಬಂದ.

ಹೊಳೆದಡದ ಆ ಗರಡಿಗೆ ವಸ್ತಾದರೇ ಗುರು. ಅವರ ಕಾಲ ಬಳಿ ಬಿದ್ದಿದ್ದದ್ದು ಗವಿಸಿದ್ದನ ದಂಡಿಗೆ. ಮಾರುದ್ದದ ಜಾಲಿಮರದ ದಂಡಿಗೆ. ಅದರ ಎರಡು ತುದಿಗೆ ಎರಡು ತೂತುಗಲ್ಲು ಪೋಣಿಸಿ, ಕಲ್ಲು ಜಾರದಂತೆ ಹೊರಗಡೆ ಬೆಣೆ ಬಡಿದರೆ ಅದು ಜೋಡಿಕಲ್ಲು. ಅದನ್ನು ತಲೆಯ ಮೇಲೆತ್ತಿ ಹತ್ತು ಎಣಿಸುವ ತನಕ ಹಿಡಿಯುವವನು ಆ ಗರಡಿಯಲ್ಲಿ ಗವಿಸಿದ್ದ ಒಬ್ಬನೇ.

"ವಸ್ತಾದ್ರ, ಅದು ಗಟ್ಟಿ ಐತ್ರಿ. ನಿನ್ನೆನೂ ಎತ್ತೀನ್ರಿ."

"ನಿನ್ನೆ ಎತ್ತೀದಿ. ಇವತ್ತು ನೋಡು."

ವಸ್ತಾದರು ದಂಡಿಗೆಯ ಮೇಲೆ ಒಂದು ತಂಬಿಗೆ ನೀರು ಸುರಿದರು. ಅರಿವೆಯಿಂದ ಒರೆಸಿದರು. ಬಿಸಿಲಿಗೆ ಇಟ್ಟು ಸುಮ್ಮನೆ ಕೂತರು.

ಮರವೆಲ್ಲ ಒಣಗಿತು. ಬೆಣೆ ಬಡಿಯುವ ತೂತಿನ ಬಳಿ ಒಂದು ಗೆರೆ ಮಾತ್ರ ಒಣಗಲಿಲ್ಲ. ಕೂದಲೆಳೆಯಷ್ಟು ಸಣ್ಣ ಬಿರುಕು.

"ಇಷ್ಟಕ್ಕ ಒಡೀತೀರಿ?"

"ಇಷ್ಟಕ್ಕ."

ಕೊಡಲಿ ಬಿತ್ತು. ಸಂಜೆಯ ಹೊತ್ತಿಗೆ ದಂಡಿಗೆ ಬಚ್ಚಲ ಒಲೆ ಸೇರಿತ್ತು. ಆ ಒಲೆಯಲ್ಲಿ ಕಾದ ನೀರಿನಲ್ಲೇ ಗವಿಸಿದ್ದ ಸ್ನಾನವನ್ನೂ ಮಾಡಿದ. ಸಿಟ್ಟು ಎಷ್ಟಿದ್ದರೂ ಮೈಗೆ ಹತ್ತಿದ, ಕಸರತ್ತು ಮಾಡುವ ಮಟ್ಟಿಯ ಮಣ್ಣು ತೊಳೆಯಲೇಬೇಕಲ್ಲ.

ಸಿಟ್ಟಂತೂ ಇತ್ತು. ಅವನು ಗರಡಿಗೆ ಬಂದು ನಾಲ್ಕು ವರ್ಷ. ಮೊದಲನೆಯ ವರ್ಷ ವಸ್ತಾದರು ಕಲ್ಲು ಮುಟ್ಟಗೊಡಲಿಲ್ಲ. ಮರ ಆರಿಸು, ಹೊಳೆಯಲ್ಲಿ ನೆನೆ ಹಾಕು, ನೆರಳಲ್ಲಿ ಒಣಗಿಸು, ಹೆರೆ, ಬಡಿದು ಸದ್ದು ಕೇಳು. ಕಲ್ಲು ಎತ್ತಲು ಬಂದವನಿಗೆ ಬಡಗಿಯ ಕೆಲಸ! ಮನೆಯಲ್ಲಿ ಅವನ ಅವ್ವನೇ ನಕ್ಕಿದ್ದಳು.

ಅಷ್ಟೇ ಅಲ್ಲ. ವಸ್ತಾದರು ನೋಡಿ ಆದ ಮೇಲೂ ದಂಡಿಗೆ ದುರುಗಪ್ಪನ ಕೈಗೆ ಹೋಗಬೇಕಿತ್ತು. ಅದು ಗರಡಿಯ ಕಟ್ಟಳೆ.

ದುರುಗಪ್ಪ ಮೂಲೆಯಲ್ಲಿ ಚಾಪೆಯ ಮೇಲೆ ಇರುತ್ತಿದ್ದ. ಸೊಂಟದ ಕೆಳಗೆ ಜೀವ ಇರಲಿಲ್ಲ. ಒಂದು ಕಾಲದಲ್ಲಿ ಇದೇ ಕಲ್ಲು ಎತ್ತುತ್ತಿದ್ದನಂತೆ. ಹೇಗೆ ಬಿದ್ದ ಎಂದು ಯಾರೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಅವನು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ದಂಡಿಗೆಯನ್ನು ಅಂಗುಲ ಅಂಗುಲ ಸವರುತ್ತಿದ್ದ. ಅವನು ತಲೆ ಆಡಿಸಿದರೆ ಮಾತ್ರ ಅದು ಕಲ್ಲಿಗೆ ಹೋಗುತ್ತಿತ್ತು.

ಕುಂಟನಿಗೂ ಒಂದು ಕೆಲಸ ಇರಲಿ ಎಂದು ಗುರುಗಳು ಕರುಣೆಯಿಂದ ಹೀಗೆ ಮಾಡಿದ್ದಾರೆ ಅಂತ ಗವಿಸಿದ್ದ ತಿಳಿದಿದ್ದ. ಒಮ್ಮೆ ಕೇಳಿಯೂ ಬಿಟ್ಟ.

"ನೀವ ನೋಡಿರತೀರಿ. ಮತ್ತ ದುರುಗಣ್ಣ ಏನು ನೋಡ್ತಾನ್ರಿ?"

"ಈ ಗರಡಿಯೊಳಗ ಓದಿದಾಂವ ಅವನೊಬ್ಬನ," ಎಂದರು ವಸ್ತಾದರು.

ದುರುಗಪ್ಪನಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಗವಿಸಿದ್ದ ನಕ್ಕ. ವಸ್ತಾದರು ನಗಲಿಲ್ಲ.

ದಂಡಿಗೆ ಒಲೆಗೆ ಹೋದ ಮಾರನೆಯ ದಿನವೇ ಆಚೆ ದಡದಿಂದ ಮಾತು ಬಂತು. ಹೇಳಿ ಕಳಿಸಿದವನು ಗವಿಸಿದ್ದನ ಸೋದರಮಾವ ಹಾಲಪ್ಪ. ಎಂಟು ದಿನಕ್ಕೆ ಊರಿನ ಹಿರಿಯರನ್ನು ಕರೆದುಕೊಂಡು ಬರುತ್ತಾನೆ. ಅಳಿಯ ಜೋಡಿಕಲ್ಲು ಎತ್ತುವುದನ್ನು ಎಲ್ಲರೂ ಕಣ್ಣಾರೆ ನೋಡಲಿ. ಎತ್ತಿದರೆ ಅಲ್ಲೇ ಮಗಳು ಹಂಪವ್ವನ ವೀಳ್ಯ ಹಿಡಿಯುವುದು.

ಹಂಪವ್ವ ಎಂದರೆ ಗವಿಸಿದ್ದನಿಗೆ ಪ್ರಾಣ. ಚಿಕ್ಕಂದಿನಿಂದ ಅವಳೇ ಹೆಂಡತಿ ಎಂದು ನಂಬಿಕೊಂಡು ಬೆಳೆದವನು. ಅವನು ಓಡಿ ಬಂದು ವಸ್ತಾದರ ಮುಂದೆ ನಿಂತ.

"ಹೊಸ ದಂಡಿಗಿ ಯಾವಾಗ ಆಗತೈತ್ರಿ?"

"ಮರ ಈಗ ನೀರು ಬಿಟ್ಟು ಎದ್ದೈತಿ. ನೆರಳಾಗ ಮೂರು ತಿಂಗಳು ಒಣಗಬೇಕು."

"ಎಂಟು ದಿನಕ್ಕ ಬರ್ತಾರ್ರಿ ಮಾವ!"

"ಬರಲಿ. ಉಂಡು ಹೋಗಲಿ."

"ನನ್ನ ಮದುವಿ ಮಾತು ಐತ್ರಿ ಅದು."

"ಗೊತ್ತೈತಿ ಸಿದ್ದಾ," ಎಂದರು. "ಮರಕ್ಕ ಗೊತ್ತಿಲ್ಲ."

ಗವಿಸಿದ್ದ ಆರು ದಿನ ಸರಿಯಾಗಿ ಉಣ್ಣಲಿಲ್ಲ. ಏಳನೆಯ ದಿನ ಗರಡಿಯ ದೇವರು ಹನುಮಪ್ಪನಿಗೆ ಕೈಮುಗಿಯಲು ನಿಂತಾಗ ಅವನ ಕಣ್ಣು ಗೋಡೆಯ ಮೇಲೆ ಬಿತ್ತು.

ಹನುಮಪ್ಪನ ಗೂಡಿನ ಪಕ್ಕದಲ್ಲಿ, ಎರಡು ಗೂಟದ ಮೇಲೆ, ಒಂದು ಹಳೆಯ ದಂಡಿಗೆ ಇತ್ತು. ಶನಿವಾರಕ್ಕೊಮ್ಮೆ ಅದಕ್ಕೆ ಎಣ್ಣೆ, ಕುಂಕುಮ, ಹೂವಿನ ಸರ. ವರ್ಷಗಟ್ಟಲೆ ಹಚ್ಚಿದ ಕುಂಕುಮ ಬೆರಳು ದಪ್ಪ ಕಟ್ಟಿ, ಮರ ಎಲ್ಲೂ ಕಾಣುತ್ತಿರಲಿಲ್ಲ. ಅದು ವಸ್ತಾದರ ಗುರುಗಳು ಎತ್ತಿದ ದಂಡಿಗೆ ಎಂದು ಹುಡುಗರು ಮಾತಾಡಿಕೊಳ್ಳುತ್ತಿದ್ದರು. ವಸ್ತಾದರು ಹೌದು ಎಂದಿರಲಿಲ್ಲ, ಅಲ್ಲ ಎಂದಿರಲಿಲ್ಲ. ಅವರು ಬಾಯಿ ಬಿಡದಿದ್ದರೆ ಹೌದು ಎಂದೇ ಲೆಕ್ಕ.

ದೇವರ ಪಕ್ಕದಲ್ಲಿ ಪೂಜೆಗೊಂಡದ್ದಕ್ಕಿಂತ ಗಟ್ಟಿ ಯಾವುದು? ಗವಿಸಿದ್ದನಿಗೆ ಹೋದ ಜೀವ ಬಂದಂತಾಯಿತು.

ಎಂಟನೆಯ ದಿನ ಬೆಳಗು ಹರಿಯುವಾಗ ವಸ್ತಾದರು ಹೊಳೆಗೆ ಹೋಗಿದ್ದರು. ಗವಿಸಿದ್ದ ಮೂರು ಸಲ ನಮಸ್ಕಾರ ಮಾಡಿ ದಂಡಿಗೆಯನ್ನು ಇಳಿಸಿದ. ಮಟ್ಟಿಯ ನಡುವೆ ಇಟ್ಟು ಬಲಗಡೆಗೆ ಒಂದು ಕಲ್ಲು ಪೋಣಿಸಿದ, ಎಡಗಡೆಗೆ ಒಂದು. ತೂತಿನೊಳಗಿನ ಕುಂಕುಮ ಕೆದಕಿ ಬೆಣೆ ಬಡಿದ.

ಆ ಸದ್ದಿಗೆ ದುರುಗಪ್ಪನಿಗೆ ಎಚ್ಚರವಾಯಿತು.

"ಯಾವ ದಂಡಿಗಿ ಅದು?"

"ಹನುಮಪ್ಪನದು, ದುರುಗಣ್ಣ."

ದುರುಗಪ್ಪ ಮೊಣಕೈ ಊರಿ ಎದ್ದ. "ನನ್ನ ಕೈಗೆ ಕೊಡು."

"ಇದನ್ನೂ ನೀ ಪರೀಕ್ಷಾ ಮಾಡ್ತೀ ಏನು? ಇದು ದೇವರು."

"ಕೊಡಲೇ ಇಲ್ಲಿ!"

ಗವಿಸಿದ್ದ ಕೊಡಲಿಲ್ಲ. ಅಂಗೈಗೆ ಮಣ್ಣು ಹಚ್ಚಿಕೊಂಡು ಬಗ್ಗಿದ.

ಆಗ ದುರುಗಪ್ಪ ಚಾಪೆ ಬಿಟ್ಟು ಹೊರಟ. ಎರಡೂ ಕೈಯಿಂದ ಮಣ್ಣು ಗೀರುತ್ತ, ಸತ್ತ ಕಾಲುಗಳನ್ನು ಹಿಂದೆ ಎಳೆದುಕೊಂಡು, ಗವಿಸಿದ್ದ ಹಿಡಿತ ಸರಿಮಾಡಿಕೊಳ್ಳುವಷ್ಟರಲ್ಲಿ ಬಂದು ಎರಡು ಕಲ್ಲಿನ ನಡುವೆ ದಂಡಿಗೆಯ ಮೇಲೆ ಬೋರಲು ಬಿದ್ದುಬಿಟ್ಟ.

"ಈಗ ಎತ್ತು," ಎಂದ.

"ಆಕಡೆ ಸರಿ ದುರುಗಣ್ಣ. ಮಾವ ಬರೋ ಹೊತ್ತಾತು."

"ಎತ್ತು ಅಂದ್ನಲ್ಲ. ನನ್ನ ಕೂಡ ಎತ್ತು."

ಗವಿಸಿದ್ದನಿಗೆ ಎಲ್ಲಿಲ್ಲದ ಸಿಟ್ಟು ಬಂತು. ದುರುಗಪ್ಪನ ತೋಳು ಹಿಡಿದು ಎಳೆದೂ ನೋಡಿದ. ನಲವತ್ತು ಸಾವಿರ ಬೈಠಕ್ ಹೊಡೆದ ಕಾಲು ಹೋಗಿದ್ದರೂ ಕೈ ಇನ್ನೂ ಪೈಲ್ವಾನನದೇ. ದಂಡಿಗೆ ಬಿಡಲಿಲ್ಲ.

ವಸ್ತಾದರು ಬಾಗಿಲಲ್ಲಿ ನಿಂತಿದ್ದರು. ತಲೆಯಿಂದ ನೀರು ಇನ್ನೂ ಸೋರುತ್ತಿತ್ತು. ಗೋಡೆಯ ಖಾಲಿ ಗೂಟ ನೋಡಿದರು, ನೆಲದ ಮೇಲೆ ಬಿದ್ದವನನ್ನು ನೋಡಿದರು.

"ಕಲ್ಲು ಬಿಚ್ಚು," ಎಂದರು. "ದಂಡಿಗಿ ಹೊಳಿಗೆ ಒಯ್ದು ತೊಳಿ."

"ಕುಂಕುಮ ಹೋಗತೈತ್ರಿ."

"ಹೋಗಲಿ."

ಗವಿಸಿದ್ದ ಮೊಣಕಾಲುದ್ದ ನೀರಿನಲ್ಲಿ ನಿಂತು ತೊಳೆದ. ಮೊದಲು ಕೈಯಿಂದ, ಆಮೇಲೆ ತೆಂಗಿನ ನಾರಿನಿಂದ. ಕುಂಕುಮ ಹೆಪ್ಪು ಹೆಪ್ಪಾಗಿ ಕಳಚಿ ನೀರಿಗೆ ಬಿತ್ತು. ಅವನ ಸುತ್ತ ಹೊಳೆ ಕೆಂಪಾಯಿತು. ತೊಳೆದಷ್ಟೂ ಬರುತ್ತಲೇ ಇತ್ತು.

ಕೊನೆಗೆ ಮರ ಕಂಡಿತು. ಎಡಗಡೆಯ ಬೆಣೆಯ ತೂತಿನಿಂದ ಹಿಡಿಕೆಯವರೆಗೆ, ಒಂದು ಗೇಣು ಉದ್ದಕ್ಕೂ ಅದು ಸೀಳಿತ್ತು. ಬಿಟ್ಟರೆ ಕೂಡಿಕೊಳ್ಳುತ್ತಿತ್ತು. ಕೈಯಿಂದ ಅಗಲಿಸಿದರೆ ಬಾಯಿ ಬಿಡುತ್ತಿತ್ತು.

ಅವನು ಅದನ್ನು ಎರಡು ಸಲ ಬಾಯಿ ಬಿಡಿಸಿದ, ಎರಡು ಸಲ ಮುಚ್ಚಿದ.

ಹಿಂದಿನಿಂದ ವಸ್ತಾದರ ದನಿ ಬಂತು. "ದುರುಗಪ್ಪ ಮ್ಯಾಲ ಎತ್ತಿ ಹಿಡಿದಿದ್ದ. ಆರು ಎಣಿಸಿದ್ವಿ. ಅದು ಸೀಳಿ ಬೆಣೆ ಹಾರಿತು, ಎಡಗಡೆ ಕಲ್ಲು ಜಾರಿ ಬಿತ್ತು. ಬಲಗಡೆ ಕಲ್ಲು ಅವನನ್ನ ತಿರುವಿ ಕೆಡವಿ ಸೊಂಟದ ಮ್ಯಾಲ ಬಿತ್ತು."

"ಮತ್ತ ಇದಕ್ಕ ಪೂಜಾ ಯಾಕ್ರಿ?"

"ದಿನಾ ನನ್ನ ಕಣ್ಣಿಗೆ ಬೀಳಲಿ ಅಂತ ಗೋಡಿಗೆ ಹಾಕಿದೆ. ಯಾರೋ ಒಂದು ಬೊಟ್ಟು ಕುಂಕುಮ ಹಚ್ಚಿದ್ರು. ಬ್ಯಾಡ ಅಂದ್ರ ಯಾಕ ಅಂತ ಹೇಳಬೇಕಾಗತಿತ್ತು. ಹೇಳಲಿಲ್ಲ. ವರ್ಷ ಹನ್ನೆರಡಾತು."

ಗವಿಸಿದ್ದ ದಂಡಿಗೆಯನ್ನು ನೋಡುತ್ತಲೇ ಕೇಳಿದ. "ಅವತ್ತು ಎತ್ತೂ ಮುಂದ ಇದನ್ನ ಯಾರು ನೋಡಿದ್ರು?"

ವಸ್ತಾದರು ತಿರುಗಿ ಗರಡಿಯ ಕಡೆ ನಡೆದರು.

ಬಿಸಿಲು ಏರುವ ಹೊತ್ತಿಗೆ ಹರಿಗೋಲಿನಲ್ಲಿ ಹಾಲಪ್ಪ ಬಂದ. ಜೊತೆಗೆ ಹತ್ತು ಜನ ಹಿರಿಯರು, ಎಲ್ಲರ ತಲೆಗೂ ಹೊಸ ರುಮಾಲು.

"ಇವತ್ತು ಕಲ್ಲು ಏಳಂಗಿಲ್ಲ," ಎಂದರು ವಸ್ತಾದರು.

"ಯಾಕ್ರಿ, ನಮ್ಮ ಅಳಿಯಗ ಅಂಜಿಕೀ ಏನು?"

"ಅವನಿಗಲ್ಲ. ನನಗ."

ಹಿರಿಯರು ಮುಖ ಮುಖ ನೋಡಿಕೊಂಡರು. ಒಬ್ಬ ಕಿಸಕ್ಕನೆ ನಕ್ಕ. ಆಮೇಲೆ ಯಾರೂ ನಗು ತಡೆಯಲಿಲ್ಲ. ಹಾಲಪ್ಪ ಮಾತ್ರ ನಗಲಿಲ್ಲ. ಊರವರ ಮುಂದೆ ಅವನ ಮಾನ ಹೋಗಿತ್ತು. ಅವನು ಗವಿಸಿದ್ದನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ.

"ಒಂದು ಕಟಿಗಿ ಸಲುವಾಗಿ ನನ್ನ ತಲಿ ತಗ್ಗಿಸಿದೆಲ್ಲೋ."

ಗವಿಸಿದ್ದ ಮೂಲೆಯ ಚಾಪೆಯ ಕಡೆ ನೋಡಿದ.

ಅವರು ಉಣ್ಣಲೂ ಇಲ್ಲ. ಹಾಗೇ ಹೋದರು.

ಆಮೇಲೆ ಮೂರು ತಿಂಗಳು ಗರಡಿಯಲ್ಲಿ ಮಾತು ಕಡಿಮೆಯಾಯಿತು. ಮಣ್ಣಿನ ಮೇಲೆ ಹರಿದಾಡಿದ್ದಕ್ಕೋ ಏನೋ, ದುರುಗಪ್ಪನ ಮಂಡಿ ಗಾಯವಾಗಿ ಮಾಯಲಿಲ್ಲ. ನೋವು ಗೊತ್ತಾಗದ ಕಾಲು, ಗಾಯ ಕಂಡದ್ದೇ ತಡವಾಗಿ. ಜ್ವರ ಬಂದು ಹೋಗುತ್ತಿತ್ತು. ಗವಿಸಿದ್ದ ದಿನಾ ಆ ಗಾಯ ತೊಳೆದು ಎಲೆಯ ರಸ ಹಚ್ಚುತ್ತಿದ್ದ. ತನ್ನಿಂದಲೇ ಆದದ್ದು ಎಂದು ಅವನಿಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ದುರುಗಪ್ಪ, "ಕಾಲು ನಿಂದು ಉಳೀತಲ್ಲ, ಸುಮ್ಮನಿರು," ಎಂದ.

ಮಾಘದಲ್ಲಿ ಒಂದು ಬೆಳಿಗ್ಗೆ ಆಚೆ ದಡದಲ್ಲಿ ಓಲಗ ಕೇಳಿಸಿತು. ಹಂಪವ್ವನ ಮದುವೆ. ಗವಿಸಿದ್ದ ಹೊಸ ದಂಡಿಗೆ ಹೆರೆಯುತ್ತಿದ್ದ. ಓಲಗ ನಿಲ್ಲುವ ತನಕ ತಲೆ ಎತ್ತಲಿಲ್ಲ. ಹೆರೆದ ಮರದ ಮೇಲೆ ಕಣ್ಣೀರು ಬಿದ್ದ ಕಡೆ ಒದ್ದೆಯಾಯಿತು, ಸ್ವಲ್ಪ ಹೊತ್ತಿಗೆ ಒಣಗಿತು. ಅಭ್ಯಾಸ ಬಲದಿಂದ ಅವನು ಅದನ್ನೂ ನೋಡಿದ. ಗೆರೆ ಉಳಿಯಲಿಲ್ಲ.

ನಾಲ್ಕು ದಿನಕ್ಕೆ ದಂಡಿಗೆ ಮುಗಿಯಿತು. ತೂಗು ಹಾಕಿ ಬಡಿದ, ಸದ್ದು ಗಂಟೆಯಂತೆ ಬಂತು. ನೀರು ಸುರಿದು ಬಿಸಿಲಿಗೆ ಇಟ್ಟ, ಮರ ಒಂದೇ ಬಣ್ಣಕ್ಕೆ ಒಣಗಿತು. ಇಂಥ ದಂಡಿಗೆಯನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ವಸ್ತಾದರ ಮುಂದೆ ಇಟ್ಟ.

ವಸ್ತಾದರು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ತಿರುಗಿಸಿ ಮತ್ತೆ ನೋಡಿದರು. ಮೂಲೆಯ ಕಡೆ ಕೈ ತೋರಿಸಿದರು.

ದುರುಗಪ್ಪನಿಗೆ ರಾತ್ರಿಯಿಡೀ ಜ್ವರ. ಈಗಷ್ಟೇ ಕಣ್ಣು ಹತ್ತಿತ್ತು. ಹೊದಿಕೆಯ ಹೊರಗೆ ಬಿದ್ದ ಕೈ ಒಣಗಿದ ಕಡ್ಡಿಯಂತಿತ್ತು.

ಗವಿಸಿದ್ದನಿಗೆ ಅವನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಗುರುಗಳ ಕಾಲು ಮುಟ್ಟಿ, ಮನಸ್ಸು ತುಂಬಿ ಹೇಳಿದ.

"ದುರುಗಣ್ಣ ಮಲಗಲಿ, ವಸ್ತಾದ್ರ. ನೀವು ನೋಡೀರಿ. ನೀವು ಹೂಂ ಅಂದ್ರ ನನಗ ಸಾಕು, ಎತ್ತತೀನಿ."

ವಸ್ತಾದರು ದಂಡಿಗೆಯನ್ನು ತಮ್ಮ ಕೈಯಿಂದ ಅವನ ಕೈಗೆ ವಾಪಸು ಇಟ್ಟರು. ಅವರ ಕೈ ಅದರ ಮೇಲಿಂದ ಬೇಗ ಏಳಲಿಲ್ಲ.

"ಅವತ್ತು ದುರುಗಪ್ಪನೂ ಇದ ಮಾತು ಅಂದ, ಸಿದ್ದಾ. ನಾ ಹೂಂ ಅಂದೆ."