ತಪ್ಪಿದ ಚೆಂಡಿನ ಒಡತಿ

"ನಿನ್ನ ಕೈಲಿ ಆಗುವುದಿಲ್ಲ ಎಂದು ನಮ್ಮ ಸೋದರಮಾವ ಹೇಳಿದರು. ಕಾಲೇಜಿನ ಪಿ.ಟಿ. ಮೇಷ್ಟ್ರೂ ಹೇಳಿದರು. ಹೇಳದೆ ಇದ್ದವರು ನೀವೊಬ್ಬರೇ, ಮೇಡಂ. ಮೂರು ತಿಂಗಳು ಸೆಂಟರ್ ಜಾಗದಲ್ಲಿ ನಿಂತು ಆಡಿ ತೋರಿಸಿದೆ. ಈಗ ಗಾಯ ವಾಸಿಯಾಗಿ ಒಬ್ಬಳು ಮರಳಿ ಬಂದ ಮಾತ್ರಕ್ಕೆ ತಂಡದ ದೆಸೆ ಬದಲಾಗುತ್ತದೆಯೇ? ನನ್ನಲ್ಲಿ ಇಲ್ಲದ್ದು ಅವಳಲ್ಲಿ ಏನಿದೆ?"

ಭುವನಾ ಹೀಗೆ ಕೇಳಿದಾಗ ಅವಳ ಗುರು ದೇವೀರಮ್ಮ ಕೋರ್ಟಿನ ಪಕ್ಕದಲ್ಲಿ ಬಾಸ್ಕೆಟ್‌ಬಾಲ್ ಚೆಂಡುಗಳಿಗೆ ಗಾಳಿ ತುಂಬುತ್ತಿದ್ದರು. ಮರುದಿನದ ಪಂದ್ಯಕ್ಕೆ ಮೊದಲು ಇಳಿಯುವ ಐವರ ಹೆಸರು ಆ ಸಂಜೆ ತೀರ್ಮಾನವಾಗಬೇಕಿತ್ತು. ಅದರಲ್ಲಿ ತನ್ನ ಹೆಸರಿಲ್ಲದಿದ್ದರೆ ತಂಡವನ್ನೇ ಬಿಡುತ್ತೇನೆಂದು ಭುವನಾ ಗೆಳತಿಯರ ಮುಂದೆ ಹೇಳಿಬಿಟ್ಟಿದ್ದಳು. ಆ ಮಾತು ದೇವೀರಮ್ಮನವರ ಕಿವಿಗೂ ಬಿದ್ದಿತ್ತು.

ಅವರು ಪಂಪನ್ನು ಕೆಳಗಿಟ್ಟು, ಕೂತುಕೊ ಎಂದರು. ಭುವನಾ ಕೂರಲಿಲ್ಲ. ಹಾಗಾದರೆ ನಿಂತೇ ಕೇಳು ಎಂದು ಹೇಳತೊಡಗಿದರು.

ಒಂದು ಕ್ಲಬ್ಬು. ಅದರಲ್ಲಿ ಗಂಡಸರ ಬಾಸ್ಕೆಟ್‌ಬಾಲ್ ತಂಡ ಎರಡು, ಹೆಂಗಸರದು ಒಂದು. ಹೆಂಗಸರ ತಂಡವನ್ನು ಕ್ಲಬ್ಬಿನ ಹಿರಿಯರು ಒಲ್ಲದ ಮನಸ್ಸಿನಿಂದ ಇಟ್ಟುಕೊಂಡಿದ್ದರು. ಲೀಗಿನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದರೆ ಆ ತಂಡವನ್ನು ಮುಚ್ಚಿ, ಕೋರ್ಟನ್ನು ಶಟಲ್ ಆಡುವವರಿಗೆ ಕೊಡುವುದೆಂದು ಆ ವರ್ಷ ಠರಾವು ಮಾಡಿದರು.

ತಂಡದಲ್ಲಿ ಒಬ್ಬ ಸೆಂಟರ್ ಇದ್ದಳು. ರಿಂಗಿನ ಕೆಳಗಿನ ಜಾಗ ಅವಳದು. ಎತ್ತರದವಳು, ನಾಯಕಿಯೂ ಅವಳೇ. ಎರಡನೆಯ ಪಂದ್ಯದಲ್ಲಿ ಹಾರಿ ಇಳಿಯುವಾಗ ಅವಳ ಮೊಣಕಾಲು ತಿರುಚಿಕೊಂಡಿತು. ನಾಲ್ಕು ತಿಂಗಳು ಆಡಕೂಡದು ಎಂದರು ವೈದ್ಯರು.

ಅವಳ ಜಾಗಕ್ಕೆ ಒಬ್ಬ ಬದಲಿ ಹುಡುಗಿ ಬಂದಳು. ಸೆಂಟರ್‌ಗಿಂತ ಒಂದು ಗೇಣು ಕುಳ್ಳಿ. ಅವಳ ಶಾಲೆ ಏಳನೆಯ ತರಗತಿಗೇ ನಿಂತಿತ್ತು. ಹಗಲು ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಆಟ. ಕ್ಲಬ್ಬಿನ ಬೀರುವಿನಲ್ಲಿದ್ದ ನಿಯಮಗಳ ಪುಸ್ತಕವನ್ನು ಯಾರನ್ನೂ ಕೇಳದೆ ತಾನೇ ಓದಿ, ರೆಫರಿಯ ತಪ್ಪು ಹಿಡಿಯುವಷ್ಟು ತಿಳಿದುಕೊಂಡಿದ್ದಳು. ಅವಳ ಅಣ್ಣ ನಕ್ಕ. ಕ್ಲಬ್ಬಿನ ಕಾರ್ಯದರ್ಶಿ, ಈ ಎತ್ತರಕ್ಕೆ ರಿಂಗೆಲ್ಲಿ, ಕಿಟಕಿ ಎಟುಕಿದರೆ ಹೆಚ್ಚು ಎಂದ. ಅವಳು ತಂಡದ ಅಂಗಿ ಹಾಕಿಕೊಂಡು ಕೋರ್ಟಿಗೆ ಇಳಿದಳು.

ಇಳಿದವಳು ಜೀವ ಒತ್ತೆಯಿಟ್ಟು ಆಡಿದಳು. ಎಡಗಡೆ ಬಿದ್ದ ಚೆಂಡಿಗೂ ಅವಳೇ, ಬಲಗಡೆ ಬಿದ್ದ ಚೆಂಡಿಗೂ ಅವಳೇ. ತಂಡದ ಅಂಕಗಳಲ್ಲಿ ಅರ್ಧಕ್ಕರ್ಧ ಅವಳದು. ಎರಡು ಪಂದ್ಯ ಮುಗಿಯುವಷ್ಟರಲ್ಲಿ ಕಾರ್ಯದರ್ಶಿ ಬಾಯಿ ಮುಚ್ಚಿದ. ಮೂರನೆಯದಕ್ಕೆ ಅಣ್ಣ ಬಂದು ನೋಡಿ ಹೋದ. ಗಾಯಗೊಂಡವಳ ನಾಯಕಿ ಪಟ್ಟವೂ ಅವಳಿಗೇ ಬಂತು. ಇಷ್ಟೆಲ್ಲ ಆಯಿತು, ಆದರೆ ತಂಡ ಗೆಲ್ಲಲಿಲ್ಲ. ಎಂಟು ಪಂದ್ಯಗಳಲ್ಲಿ ಏಳು ಸೋತಿತು.

ಉಳಿದವರ ಅಜಾಗ್ರತೆಯೇ ಸೋಲಿಗೆ ಕಾರಣ ಎಂದುಕೊಂಡಳು ಬದಲಿ ಹುಡುಗಿ. ಮೊದಲ ಸೋಲಿನ ಮರುದಿನವೇ ಅದಕ್ಕೊಂದು ನಿಯಮ ಮಾಡಿದ್ದಳು. ಅಭ್ಯಾಸದಲ್ಲಿ ಯಾರು ಗುರಿ ತಪ್ಪುತ್ತಾರೋ ಅವರು ಕೋರ್ಟಿಗೆ ಎರಡು ಸುತ್ತು ಓಡಬೇಕು. ತಾನು ತಪ್ಪಿದರೆ ನಾಲ್ಕು. ಆ ನಾಲ್ಕನ್ನು ಒಂದು ದಿನವೂ ತಪ್ಪಿಸದೆ ಓಡಿದಳು.

ಇಲ್ಲಿ ಭುವನಾ ಮಾತು ತಡೆದಳು. "ಅದರಲ್ಲಿ ತಪ್ಪೇನಿದೆ, ಮೇಡಂ?"

"ತಪ್ಪೆಂದು ನಾನು ಹೇಳಿದೆನೇ? ಮುಂದೆ ಕೇಳು," ಎಂದರು ದೇವೀರಮ್ಮ.

ಆ ನಿಯಮ ಬಂದ ಮೇಲೆ ಅಭ್ಯಾಸದಲ್ಲಿ ಗುರಿ ತಪ್ಪುವವರು ಕಡಿಮೆಯಾದರು. ಚೆಂಡು ಎಸೆಯುವವರೇ ಕಡಿಮೆಯಾಗಿದ್ದರು. ಪಂದ್ಯದಲ್ಲೂ ಹಾಗೆಯೇ ಆಯಿತು. ಒಬ್ಬಳು ಇನ್ನೊಬ್ಬಳಿಗೆ ಕೊಟ್ಟಳು, ಇನ್ನೊಬ್ಬಳು ಮತ್ತೊಬ್ಬಳಿಗೆ. ಚೆಂಡು ಎಸೆಯಲು ಕೊಡುವ ಇಪ್ಪತ್ತನಾಲ್ಕು ಸೆಕೆಂಡು ತುಂಬಿ ಸೀಟಿ ಊದಿದರೂ ಚೆಂಡು ರಿಂಗಿನ ಕಡೆ ಹೋಗಿರುತ್ತಿರಲಿಲ್ಲ. ಕೊನೆಗೆ ಅದು ಬದಲಿ ಹುಡುಗಿಯ ಕೈಗೇ ಬರಬೇಕು. ಇದನ್ನು ಎದುರಾಳಿಗಳು ಬೇಗ ಕಂಡುಕೊಂಡು ಅವಳೊಬ್ಬಳನ್ನೇ ಮೂವರು ಸುತ್ತಿಕೊಂಡರು. ನೋಡಲು ಬಂದವರು ನಗುತ್ತಿದ್ದರು. ಇವರ ಚೆಂಡು ಆರತಿ ತಟ್ಟೆಯಂತೆ, ಎಲ್ಲರ ಮುಂದೂ ಹೋಗುತ್ತದೆ, ಯಾರೂ ಇಟ್ಟುಕೊಳ್ಳುವುದಿಲ್ಲ ಎನ್ನುತ್ತಿದ್ದರು.

ಈ ನಾಲ್ಕು ತಿಂಗಳೂ ಸೆಂಟರ್ ಮನೆಯಲ್ಲಿ ಕೂರಲಿಲ್ಲ. ದಿನವೂ ಕೋರ್ಟಿಗೆ ಬಂದು, ರಿಂಗಿನ ಬೋರ್ಡಿನ ಹಿಂದೆ ಕಬ್ಬಿಣದ ಕುರ್ಚಿ ಹಾಕಿಕೊಂಡು, ಕಾಲು ಚಾಚಿ ಕೂರುತ್ತಿದ್ದಳು. ಕೈಯಲ್ಲಿ ಒಂದು ಹಾಳೆ. ರಿಂಗಿಗೆ ಬಡಿದು ಹೊರಬಿದ್ದ ಚೆಂಡು ಎಲ್ಲಿ ಇಳಿಯಿತೋ ಅಲ್ಲಿಗೊಂದು ಚುಕ್ಕೆ ಇಡುತ್ತಿದ್ದಳು. ಹೊತ್ತು ಹೋಗದೆ ಗೀಚುತ್ತಾಳೆ ಎಂದುಕೊಂಡಳು ಬದಲಿ ಹುಡುಗಿ. ಸೆಂಟರ್ ಗೀಚುತ್ತಿರಲಿಲ್ಲ. ಎಡಮೂಲೆಯಿಂದ ಎಸೆದು ತಪ್ಪಿದ ಚೆಂಡು ಹೆಚ್ಚಾಗಿ ಬಲಗಡೆಗೆ ಬೀಳುತ್ತದೆ. ದೂರದಿಂದ ಎಸೆದದ್ದು ದೂರಕ್ಕೇ ಸಿಡಿಯುತ್ತದೆ. ಯಾರ ಕೈಯ ಚೆಂಡು ಹೇಗೆ ತಪ್ಪುತ್ತದೆ ಎಂಬುದನ್ನೂ ಅವಳು ಕಲಿತಳು.

ಕೊನೆಯ ಪಂದ್ಯಕ್ಕೆ ಮೂರು ದಿನ ಇರುವಾಗ ಸೆಂಟರ್ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಕೋರ್ಟಿಗೆ ಇಳಿದಳು. ಆಡಬಹುದು, ಆದರೆ ಹಾರಬಾರದು, ಓಡಬಾರದು ಎಂದಿದ್ದರು ವೈದ್ಯರು. ಆ ಪಂದ್ಯ ಸೋತವರಿಗೆ ಕೊನೆಯ ಸ್ಥಾನ. ಹಾರಲಾಗದ ಸೆಂಟರ್ ಯಾತಕ್ಕೆ ಎಂದು ಬದಲಿ ಹುಡುಗಿ ಎಲ್ಲರಿಗೂ ಕೇಳುವಂತೆಯೇ ಹೇಳಿದಳು. ಸೆಂಟರ್ ನಕ್ಕು ತನ್ನ ಹಳೆಯ ಜಾಗದಲ್ಲಿ ಹೋಗಿ ನಿಂತಳು.

ಎಡಮೂಲೆಯಲ್ಲಿ ಆಡುವ ಹುಡುಗಿಯೊಬ್ಬಳು ಚೆಂಡು ಎಸೆದಳು. ತಪ್ಪಿತು. ಅಭ್ಯಾಸಬಲದಿಂದ ತಲೆ ತಗ್ಗಿಸಿ ಎರಡು ಸುತ್ತು ಓಡಲು ಹೊರಟಳು.

"ಎಲ್ಲಿಗೆ ಹೊರಟೆ?" ಎಂದಳು ಸೆಂಟರ್. "ಚೆಂಡು ನನ್ನ ಹತ್ತಿರ ಇದೆ. ತಗೋ, ಇನ್ನೊಂದು ಸಲ ಹೊಡಿ."

ಹುಡುಗಿ ಹೊಡೆದಳು. ಮತ್ತೆ ತಪ್ಪಿತು. ಚೆಂಡು ಮತ್ತೆ ಸೆಂಟರ್ ನಿಂತಲ್ಲಿಗೇ ಬಂತು. ಅವಳು ಹಾರಲೂ ಇಲ್ಲ, ಓಡಲೂ ಇಲ್ಲ. ಎರಡು ಹೆಜ್ಜೆ ಸರಿದು ಕೈಚಾಚಿದಳು, ಅಷ್ಟೆ. ಆರನೆಯ ಸಲ ಚೆಂಡು ಬಲೆಯೊಳಗೆ ಇಳಿಯಿತು.

ಬದಲಿ ಹುಡುಗಿ ಮುಂದೆ ಬಂದಳು. "ನನ್ನ ನಿಯಮ ಮುರಿಯುವುದಕ್ಕೆ ನೀನ್ಯಾರು, ಅಕ್ಕ?"

"ಮುರಿಯಲಿಲ್ಲ ಕಣೇ. ಎದುರಾಳಿ ಕೈಗೆ ಸಿಕ್ಕರೆ ತಾನೇ ತಪ್ಪಿದ್ದು? ಚೆಂಡು ಇನ್ನೂ ನಮ್ಮದೇ ಅಲ್ಲವೇ?"

ಆ ಸಂಜೆ ಯಾರೂ ಸುತ್ತು ಓಡಲಿಲ್ಲ. ಎಂದೂ ಎಸೆಯದವರೂ ಎಸೆದರು. ನಾಲ್ಕು ತಿಂಗಳಿಂದ ಆ ಕೋರ್ಟಿನಲ್ಲಿ ಕೇಳಿಸದಿದ್ದ ಗಲಾಟೆ ಕೇಳಿಸಿತು. ಬದಲಿ ಹುಡುಗಿ ಅದನ್ನು ಒಂದು ಪಕ್ಕದಲ್ಲಿ ನಿಂತು ಕೇಳಿದಳು.

ಆ ತಂಡದಲ್ಲಿ ಒಂದು ಪದ್ಧತಿ ಇತ್ತು. ಪಂದ್ಯದ ದಿನ ಐವರ ಹೆಸರನ್ನು ಕೋಚ್ ಬರೆಯುತ್ತಿರಲಿಲ್ಲ. ನಾಯಕಿಯಾದವಳು ತನ್ನ ಕೈಯಾರೆ ಬರೆದು ಅಂಕ ಬರೆಯುವವರ ಮೇಜಿಗೆ ಕೊಡಬೇಕು. ಕೊಟ್ಟ ಮೇಲೆ ಯಾರೂ ಎದುರಾಡುವಂತಿರಲಿಲ್ಲ. ಕೊನೆಯ ಪಂದ್ಯದ ದಿನ ಬದಲಿ ಹುಡುಗಿ ಚೀಟಿ ಹಿಡಿದು ಕೂತಳು. ಕಾರ್ಖಾನೆಯ ಹೆಂಗಸರು ಅರ್ಧ ದಿನದ ರಜೆ ಹಾಕಿ ಅವಳ ಆಟ ನೋಡಲೆಂದೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅಣ್ಣನೂ ಇದ್ದ.

ಇಬ್ಬರ ಹೆಸರೂ ಬರೆಯಬಹುದಿತ್ತಲ್ಲ ಎಂದು ನೀನು ಕೇಳಬಹುದು. ಆಗುತ್ತಿರಲಿಲ್ಲ. ಓಡಲಾರದವಳು ಒಬ್ಬಳಿದ್ದರೆ ಉಳಿದ ನಾಲ್ವರೂ ಅವಳ ಪಾಲಿನದನ್ನೂ ಓಡಬೇಕು. ಬದಲಿ ಹುಡುಗಿಗೆ ಬಲವಿತ್ತು, ವೇಗವಿರಲಿಲ್ಲ. ಇದು ಅವಳಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಅವಳು ನಾಲ್ಕು ಹೆಸರು ಬೇಗ ಬರೆದಳು. ಐದನೆಯದನ್ನು ಬರೆಯಲು ಬಹಳ ಹೊತ್ತು ತೆಗೆದುಕೊಂಡಳು. ಬರೆದದ್ದು ಸೆಂಟರ್ ಹೆಸರು. ಚೀಟಿ ಕೊಟ್ಟು ಬಂದು, ಕಾರ್ಖಾನೆಯ ಹೆಂಗಸರ ಕಡೆ ನೋಡದೆ ಬೆಂಚಿನ ಮೇಲೆ ಕೂತಳು.

ಕುಂಟುತ್ತ ಇಳಿದ ಸೆಂಟರನ್ನು ಕಂಡು ಎದುರು ತಂಡದವರು ನಕ್ಕರು. ರಿಂಗಿನ ಕಂಬ ಒಂದು ಸಾಲದೆಂದು ಇನ್ನೊಂದು ನೆಟ್ಟಿದ್ದಾರೆ ಕಣ್ರೇ ಎಂದಳು ಅವರಲ್ಲೊಬ್ಬಳು. ಅರ್ಧ ಆಟಕ್ಕೆ ಅವರು ಒಂಬತ್ತು ಅಂಕ ಮುಂದಿದ್ದರು. ಎಡಮೂಲೆಯ ಹುಡುಗಿ ಮೂರು ಸಲ ಗುರಿ ತಪ್ಪಿದಳು. ಮೂರು ಸಲವೂ ಬೆಂಚಿನತ್ತ ನೋಡಿದಳು. ಬೆಂಚಿನ ಮೇಲೆ ಕೂತವಳಿಗೆ ಆ ನೋಟ ಅರ್ಥವಾಯಿತು. ತಾನು ನಾಲ್ಕು ತಿಂಗಳು ಕಲಿಸಿದ್ದು ಆ ಭಯವನ್ನೇ ಎಂದು ತಿಳಿಯಿತು. ವಿರಾಮದಲ್ಲಿ ಅವಳು ಎದ್ದು ಹೋಗಿ, ನನ್ನ ಕಡೆ ನೋಡಬೇಡ, ತಪ್ಪಿದ ಚೆಂಡಿಗೆ ಅಲ್ಲಿ ಒಡತಿ ಇದ್ದಾಳೆ, ಹೊಡೆಯುತ್ತಿರು ಎಂದು ಆ ಹುಡುಗಿಗೆ ಹೇಳಿದಳು.

ಆಮೇಲೆ ಆ ಹುಡುಗಿ ಬೆಂಚಿನತ್ತ ತಿರುಗಲಿಲ್ಲ. ಹೊಡೆದಳು. ತಪ್ಪಿದ್ದೆಲ್ಲ ಸೆಂಟರ್ ಕೈ ಸೇರಿತು. ಅವಳು ಬೆನ್ನನ್ನು ಎದುರಾಳಿಗೆ ಒಡ್ಡಿ, ಚೆಂಡು ಬೀಳುವ ಜಾಗವನ್ನು ಮೊದಲೇ ಹಿಡಿದು ನಿಲ್ಲುತ್ತಿದ್ದಳು. ಅವಳ ತಲೆಯ ಮೇಲಿಂದ ಹಾರಲು ಹೋದವರಿಗೆ ಫೌಲ್ ಬಿತ್ತು. ಹಿಡಿದ ಚೆಂಡನ್ನು ತಾನು ಎಸೆಯದೆ ಹೊರಗೆ ಕೊಟ್ಟಳು. ಒಬ್ಬಳು ಎಸೆದಳು, ಮತ್ತೊಬ್ಬಳು ಎಸೆದಳು, ಎಂದೂ ಎಸೆಯದವಳೂ ಎಸೆದಳು. ಯಾರನ್ನು ಸುತ್ತಿಕೊಳ್ಳುವುದೆಂದು ಎದುರು ತಂಡಕ್ಕೆ ತಿಳಿಯಲಿಲ್ಲ. ತಂಡ ಮೂರು ಅಂಕದಿಂದ ಗೆದ್ದಿತು. ಕೋರ್ಟ್ ಉಳಿಯಿತು. ಸೆಂಟರ್ ಹೆಸರಿನ ಮುಂದೆ ಎರಡೇ ಅಂಕ ಇತ್ತು.

ದೇವೀರಮ್ಮ ಪಂಪನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ ಹೇಳಿದರು.

"ಬದಲಿ ಹುಡುಗಿ ಆಡುವಾಗ ಉಳಿದ ನಾಲ್ವರೂ ಅವಳನ್ನು ನೋಡುತ್ತಿದ್ದರು. ಸೆಂಟರ್ ಬಂದ ಮೇಲೆ ನಾಲ್ವರೂ ರಿಂಗನ್ನು ನೋಡಿದರು. ನೀನು ಕೇಳಿದ್ದಕ್ಕೆ ಇಷ್ಟೇ ಉತ್ತರ. ಬದಲಿ ಹುಡುಗಿ ಕಡಿಮೆಯವಳಲ್ಲ. ಅವಳು ಎಂಟು ಪಂದ್ಯ ಹೆಗಲು ಕೊಡದಿದ್ದರೆ ಕೊನೆಯ ಪಂದ್ಯದವರೆಗೆ ತಂಡವೇ ಇರುತ್ತಿರಲಿಲ್ಲ. ಆ ಒಂದು ಸಂಜೆ ಬೆಂಚಿನ ಮೇಲೆ ಕೂತು ಅವಳು ಕಲಿತಷ್ಟು ಆಟವನ್ನು ಆ ಊರಿನಲ್ಲಿ ಬೇರೆ ಯಾರೂ ಕಲಿಯಲಿಲ್ಲ."

ಭುವನಾ ಈಗ ಕೂತಿದ್ದಳು. ತಗ್ಗಿದ ದನಿಯಲ್ಲಿ ಕೇಳಿದಳು.

"ಆ ಹುಡುಗಿಗೆ ಮತ್ತೆ ಅವಳ ಜಾಗ ಸಿಕ್ಕಿತೇ, ಮೇಡಂ?"

"ಸಿಗಲಿಲ್ಲ ಕಣಮ್ಮ, ನನ್ನ ಜಾಗ ಕೊಟ್ಟು ಈ ಕೋರ್ಟ್ ಉಳಿಸಿಕೊಂಡೆ."